ಉಕ್ಕಿನ ಚೌಕಟ್ಟು ನಿಲ್ಲಿಸುವ ಕೆಲಸ: ಕ್ರೇನಿನ ಕೊಕ್ಕೆ ಬಿಚ್ಚುವ ಮುನ್ನ

ಪೂರ್ತಿಯಾದ ಉಕ್ಕಿನ ಕಟ್ಟಡ ಜೋರು ಗಾಳಿಗೂ ಎದೆಗೊಟ್ಟು ನಿಲ್ಲುತ್ತದೆ, ಆದರೆ ಅದೇ ಕಟ್ಟಡ ಅರ್ಧ ಎದ್ದಿರುವಾಗ ಬಹಳ ದುರ್ಬಲವಾಗಿರುತ್ತದೆ. ವಿನ್ಯಾಸಕಾರರ ಲೆಕ್ಕವಿರುವುದು ಕಂಬ, ತೊಲೆ, ಬ್ರೇಸಿಂಗ್ (ಚೌಕಟ್ಟು ವಾಲದಂತೆ ಹಿಡಿಯುವ ಓರೆ ತುಂಡುಗಳು) ಎಲ್ಲವೂ ಕೂಡಿ ಭಾರ ಹೊರುವ ಸ್ಥಿತಿಗೆ. ಚೌಕಟ್ಟು ನಿಲ್ಲಿಸುವ ಕೆಲಸಗಾರ, ಅಂದರೆ ಎರೆಕ್ಟರ್, ಕೆಲಸ ಮಾಡುವುದು ಅವು ಇನ್ನೂ ಕೂಡಿರದ ಸ್ಥಿತಿಯಲ್ಲಿ. ಎತ್ತರದಲ್ಲಿ ನಡೆಯುವ ಧೈರ್ಯ ಬೇಗ ಬಂದುಬಿಡುತ್ತದೆ, "ಈ ಕ್ಷಣ ಈ ತುಂಡನ್ನು ಹಿಡಿದಿರುವುದು ಯಾವುದು?" ಎಂದು ಪ್ರತಿ ಹಂತದಲ್ಲೂ ಕೇಳಿಕೊಳ್ಳುವ ಅಭ್ಯಾಸ ನಿಧಾನವಾಗಿ ಬರುತ್ತದೆ, ಹಾಗಾಗಿ ಅದನ್ನು ಮೊದಲ ದಿನವೇ ಆರಂಭಿಸಬೇಕು.

ಕೆಲಸ ತಳಪಾಯದಿಂದ ಶುರುವಾಗುತ್ತದೆ. ಕಂಬಗಳು ಬರುವ ಮೊದಲೇ ಕಾಂಕ್ರೀಟಿನಲ್ಲಿ ಹುದುಗಿಸಿದ ಆ್ಯಂಕರ್ ಬೋಲ್ಟುಗಳ ನಡುವಿನ ಅಂತರ, ಮೂಲೆಯಿಂದ ಮೂಲೆಗಿರುವ ಅಳತೆ, ಮೇಲೆ ಚಾಚಿರುವ ಉದ್ದ ಮತ್ತು ತಿರುಪಿನ ಎಳೆಗಳ (ಥ್ರೆಡ್) ಸ್ಥಿತಿಯನ್ನು ನಕ್ಷೆಯೊಂದಿಗೆ ತಾಳೆ ನೋಡಬೇಕು. ಕಾಂಕ್ರೀಟು ಭಾರ ಹೊರುವಷ್ಟು ಗಟ್ಟಿಯಾಗಿದೆ ಎಂಬ ಲಿಖಿತ ಖಾತರಿ ಪಡೆಯಬೇಕು. ಬೋಲ್ಟು ಜಾಗ ತಪ್ಪಿದ್ದರೆ ಅದನ್ನು ಕಾಯಿಸಿ ಬಗ್ಗಿಸುವುದಾಗಲೀ, ಕಂಬದ ಬುಡದ ಬೇಸ್ ಪ್ಲೇಟಿನ ತೂತನ್ನು ಗ್ಯಾಸಿನಿಂದ ಹಿಗ್ಗಿಸುವುದಾಗಲೀ ಎಂಜಿನಿಯರ್ ಒಪ್ಪಿಗೆಯಿಲ್ಲದೆ ಕೂಡದು. ಪ್ರತಿ ಕಂಬಕ್ಕೆ ಕನಿಷ್ಠ 4 ಆ್ಯಂಕರ್ ಬೋಲ್ಟುಗಳಿರುವುದು ಒಳ್ಳೆಯದು, ಏಕೆಂದರೆ ತೊಲೆ ಕೂರುವವರೆಗೆ ಕಂಬ ಯಾವ ಕಡೆಗೂ ವಾಲದಂತೆ ತಡೆಯುವುದು ಅವು ಮತ್ತು ಎಳೆದು ಕಟ್ಟಿದ ಗೈ ವಯರ್‌ಗಳು ಮಾತ್ರ.

ಎತ್ತುವ ಮುನ್ನ ತೂಕ ಗೊತ್ತಿರಬೇಕು. ನಕ್ಷೆಯಲ್ಲಿ ತೂಕ ಬರೆದಿಲ್ಲವೆಂದರೆ ಲೆಕ್ಕ ಕಷ್ಟವೇನಲ್ಲ: ಉಕ್ಕಿನ ಒಂದು ಘನ ಮೀಟರ್ 7850 ಕಿಲೋ ತೂಗುತ್ತದೆ, ಅಂದರೆ 10 ಮಿಲಿಮೀಟರ್ ದಪ್ಪದ ಹಲಗೆ ಚದರ ಮೀಟರಿಗೆ 78.5 ಕಿಲೋ. ಹೊಸಬರು ಹೆಚ್ಚಾಗಿ ಎಡವುವುದು ಸ್ಲಿಂಗಿನ, ಅಂದರೆ ತುಂಡನ್ನು ಕೊಕ್ಕೆಗೆ ತೂಗುಹಾಕುವ ಹಗ್ಗ ಅಥವಾ ಸರಪಳಿಯ, ಕೋನದಲ್ಲಿ. 2 ಟನ್ನಿನ ತೊಲೆಯನ್ನು ಎರಡು ಕಾಲಿನ ಸ್ಲಿಂಗಿನಿಂದ ಎತ್ತುವಾಗ, ಕಾಲುಗಳು ನೆಟ್ಟಗಿದ್ದರೆ ಒಂದೊಂದರ ಮೇಲೆ 1 ಟನ್ ಬೀಳುತ್ತದೆ. ಅಡ್ಡಗೆರೆಯಿಂದ 60 ಡಿಗ್ರಿಯಿದ್ದರೆ ಸುಮಾರು 1.15 ಟನ್, 45 ಡಿಗ್ರಿಗೆ 1.41 ಟನ್, 30 ಡಿಗ್ರಿಗೆ ಪೂರ್ತಿ 2 ಟನ್. ತೊಲೆ ಸ್ವಲ್ಪವೂ ಹಗುರಾಗಿಲ್ಲ, ಭಾರವಾಗಿಲ್ಲ, ಆದರೂ ಸ್ಲಿಂಗಿನ ಮೇಲಿನ ಎಳೆತ ಇಮ್ಮಡಿಯಾಯಿತು. ಚೂಪಾದ ಅಂಚಿಗೆ ಸ್ಲಿಂಗ್ ತಾಗುವಲ್ಲಿ ಮೆತ್ತೆ ಇಡಬೇಕು, ತುದಿಗೊಂದು ಹಿಡಿಹಗ್ಗ ಕಟ್ಟಬೇಕು. ಕ್ರೇನಿಗೆ ಸನ್ನೆ ಕೊಡುವವರು ಒಬ್ಬರೇ ಇರಬೇಕು. "ನಿಲ್ಲಿಸು" ಎಂಬ ಸನ್ನೆಯನ್ನು ಮಾತ್ರ ಯಾರು ಬೇಕಾದರೂ ಕೊಡಬಹುದು.

ಇನ್ನು ಜೋಡಣೆ. ತೊಲೆ ಕಂಬದ ಹತ್ತಿರ ತೇಲಿ ಬರುತ್ತದೆ, ಎರಡು ತೂತುಗಳು ಅರ್ಧಚಂದ್ರದಷ್ಟು ಮಾತ್ರ ಒಂದರೊಳಗೊಂದು ಕಾಣುತ್ತವೆ. ಆಗ ಎಷ್ಟೇ ಅವಸರವಿದ್ದರೂ ತೂತಿನೊಳಗೆ ಬೆರಳು ಹಾಕಿ ನೋಡಬಾರದು, ತೊಲೆ ಒಂದಿಷ್ಟು ಅಲುಗಿದರೂ ಆ ಅಂಚುಗಳು ಕತ್ತರಿಯಂತೆ ಕೂಡಿಕೊಳ್ಳುತ್ತವೆ. ಹಿಡಿಯ ತುದಿ ಚೂಪಾಗಿರುವ ಸ್ಪಡ್ ಸ್ಪ್ಯಾನರನ್ನು ತೂರಿಸಿ ಮೀಟಿದರೆ ತೂತುಗಳು ನೇರಕ್ಕೆ ಬರುತ್ತವೆ. ಅದನ್ನು ಅಲ್ಲೇ ಬಿಟ್ಟು ಪಕ್ಕದ ತೂತಿಗೆ ಬೋಲ್ಟು ತೊಡಿಸಿ, ನಟ್ಟನ್ನು ಕೈಯಿಂದ ಹಿಡಿಸಿ, ಬಳಿಕ ಸ್ಪ್ಯಾನರಿನಿಂದ ಬಿಗಿ ಮಾಡಬೇಕು. ತೊಲೆಯ ಪ್ರತಿ ತುದಿಯಲ್ಲೂ ಕನಿಷ್ಠ 2 ಬೋಲ್ಟುಗಳು ಸ್ಪ್ಯಾನರ್ ಬಿಗಿಯಾಗುವವರೆಗೆ ಕೊಕ್ಕೆಯನ್ನು ಸಡಿಲಿಸುವಂತಿಲ್ಲ. ಇದು ಕನಿಷ್ಠ ಮಿತಿ. ಉದ್ದನೆಯ ಅಥವಾ ಚಾಚುತೊಲೆಗೆ ಎಷ್ಟು ಬೇಕೆಂದು ಎಂಜಿನಿಯರ್ ಹೇಳಬೇಕು.

ಇಲ್ಲೊಂದು ಜಾಗವಿದೆ, ಅದರ ಬಗ್ಗೆ ನಾನು ಎಷ್ಟು ಎಚ್ಚರಿಸಿದರೂ ಕಡಿಮೆಯೇ. ಕಂಬದ ನಡುಹಲಗೆಯ ಎರಡೂ ಬದಿಗೆ ಬರುವ ಎರಡು ತೊಲೆಗಳು ಅವೇ ಬೋಲ್ಟುಗಳನ್ನು ಹಂಚಿಕೊಳ್ಳುವುದುಂಟು. ಎರಡನೆಯ ತೊಲೆ ಕೂರಿಸಲು ಮೊದಲನೆಯದರ ನಟ್ಟುಗಳನ್ನು ಬಿಚ್ಚಬೇಕಾಗುತ್ತದೆ, ಆ ಕೆಲವು ಗಳಿಗೆ ಮೊದಲ ತೊಲೆಯನ್ನು ಹಿಡಿದಿರುವುದು ಏನೂ ಇಲ್ಲದಂತಾಗುತ್ತದೆ. ಅದರ ಮೇಲೆಯೇ ಕೆಲಸಗಾರನೊಬ್ಬ ಕುಳಿತಿರುತ್ತಾನೆ. ಆದ್ದರಿಂದ ತೊಲೆಯ ಕೆಳಗೆ ಆನಿಕೆಯ ಆ್ಯಂಗಲ್ ಇರಬೇಕು, ಇಲ್ಲವೇ ಮೊದಲ ತೊಲೆಗೆ ಮಾತ್ರ ಸೇರಿದ, ಬಿಚ್ಚಬೇಕಾಗದ ಒಂದು ಬೋಲ್ಟಾದರೂ ಇರಬೇಕು. ಎರಡೂ ನಕ್ಷೆಯಲ್ಲಿ ಕಾಣದಿದ್ದರೆ ಆ ತೊಲೆ ಎತ್ತುವ ಮುನ್ನವೇ ಕೆಲಸ ನಿಲ್ಲಿಸಿ ಕೇಳಿ.

ಒಂದಿಷ್ಟು ಅಂಕಣಗಳು ಎದ್ದ ಮೇಲೆ ಕಂಬಗಳನ್ನು ಥಿಯೋಡೊಲೈಟಿನಿಂದ (ಕೋನ ಅಳೆಯುವ ದುರ್ಬೀನು ಉಪಕರಣ) ನೋಡಿ, ಗೈ ವಯರ್ ಎಳೆದು ನೇರಕ್ಕೆ ತರಬೇಕು. ಬೆಳಗಿನ ತಂಪಿನಲ್ಲಿ ನೋಡುವುದು ಮೇಲು: 30 ಮೀಟರ್ ಉದ್ದದ ಉಕ್ಕು 20 ಡಿಗ್ರಿ ಸೆಲ್ಸಿಯಸ್ ಬಿಸಿಯೇರಿದರೆ ಸುಮಾರು 7 ಮಿಲಿಮೀಟರ್ ಹಿಗ್ಗುತ್ತದೆ, ಬಿಸಿಲು ಬಿದ್ದ ಬದಿಯ ಕಂಬ ಮಧ್ಯಾಹ್ನ ಬೇರೆಯದೇ ಲೆಕ್ಕ ತೋರಿಸುತ್ತದೆ. ಅಂತಿಮ ಬಿಗಿ ಮತ್ತು ಬೇಸ್ ಪ್ಲೇಟಿನ ಅಡಿಯ ಗ್ರೌಟು (ಸಂದು ತುಂಬುವ ಗಾರೆ) ಇದರ ನಂತರವೇ. ಬಿಗಿಯುವಾಗ ಜೋಡಣೆಯ ಗಟ್ಟಿಯಾದ ಭಾಗದಿಂದ ಹೊರ ಅಂಚಿನತ್ತ ಸಾಗಬೇಕು, ಇಲ್ಲದಿದ್ದರೆ ಮೊದಲು ಬಿಗಿದ ಬೋಲ್ಟು ಕೊನೆಗೆ ಸಡಿಲವಾಗಿರುತ್ತದೆ.

ಮೇಲಿರುವಷ್ಟು ಹೊತ್ತೂ ಮೈಗೆ ತೊಟ್ಟ ಹಾರ್ನೆಸ್ಸಿನ (ಸುರಕ್ಷತಾ ಪಟ್ಟಿಯ) ಎರಡು ಹಗ್ಗಗಳಲ್ಲಿ ಒಂದಾದರೂ ಗಟ್ಟಿ ಆಧಾರಕ್ಕೆ ಸಿಕ್ಕಿಸಿರಬೇಕು. ಒಂದನ್ನು ಸಿಕ್ಕಿಸಿದ ಮೇಲೆಯೇ ಇನ್ನೊಂದನ್ನು ಬಿಚ್ಚಬೇಕು. ಆಧಾರ ತಲೆಯ ಮೇಲಿದ್ದಷ್ಟೂ ಬೀಳುವ ದೂರ ಕಡಿಮೆ. ಬಿದ್ದವರು ಹಾರ್ನೆಸ್ಸಿನಲ್ಲಿ ಅಲುಗಾಡದೆ ತೂಗಾಡುತ್ತಿದ್ದರೆ ಕಾಲುಗಳಲ್ಲಿ ರಕ್ತ ನಿಂತು ಕೆಲವೇ ನಿಮಿಷಗಳಲ್ಲಿ ಪ್ರಾಣಾಪಾಯವಾಗಬಹುದು, ಆದಕಾರಣ ಅವರನ್ನು ಇಳಿಸುವವರು ಯಾರು, ಯಾವುದರಿಂದ ಎಂಬುದು ಹತ್ತುವ ಮೊದಲೇ ತೀರ್ಮಾನವಾಗಿರಬೇಕು. ಇಬ್ಬನಿ ಬಿದ್ದ, ಬಣ್ಣ ಬಳಿದ ತೊಲೆ ಸಾಬೂನಿನಂತೆ ಜಾರುತ್ತದೆ, ಒಣಗುವವರೆಗೆ ಕಾಯಿರಿ.

ಸಂಜೆ ಇಳಿಯುವಾಗ ಒಂಟಿ ಕಂಬ, ಬ್ರೇಸಿಂಗ್ ಇಲ್ಲದ ತೊಲೆಸಾಲು ಉಳಿದಿದೆಯೇ ಎಂದು ಕೆಳಗಿನಿಂದ ಒಮ್ಮೆ ಸುತ್ತಿ ನೋಡಿ. ಉಳಿದಿದ್ದರೆ ಗೈ ವಯರ್ ಬಿಗಿದು, ಸಡಿಲ ಬೋಲ್ಟು ಮತ್ತು ಹಲಗೆಗಳನ್ನು ಇಳಿಸಿಯೇ ಹೊರಡಿ, ರಾತ್ರಿ ಗಾಳಿಯೆದ್ದರೆ ಅಲ್ಲಿ ನೋಡಿಕೊಳ್ಳಲು ಯಾರೂ ಇರುವುದಿಲ್ಲ.