ನನ್ನ ಮೊದಲ ಜಪಾನಿ ಕತ್ತಿ ಮತ್ತು ಅದರ ಸುಳ್ಳು ಸಹಿ

ನಮ್ಮ ಮನೆಯಲ್ಲಿ ಹಿತ್ತಾಳೆ ಪಾತ್ರೆ ಹೊಳೆಯದಿದ್ದರೆ ಹಬ್ಬ ಶುರುವಾಗುತ್ತಿರಲಿಲ್ಲ. ಹುಣಸೆಹಣ್ಣು, ಬೂದಿ, ತೆಂಗಿನ ನಾರು ಹಿಡಿದು ಮಕ್ಕಳೆಲ್ಲ ಸಾಲಾಗಿ ಕೂರಬೇಕಿತ್ತು. ನಾನು ಸಾಗರದ ಕಡೆಯವನು. ಮಳೆಗಾಲ ಬಂತೆಂದರೆ ಹಾರೆ, ಗುದ್ದಲಿ, ಕತ್ತಿ ಎಲ್ಲಕ್ಕೂ ತುಕ್ಕು. ತುಕ್ಕು ಕಂಡರೆ ತಿಕ್ಕಬೇಕು ಅನ್ನೋದು ನನಗೆ ಯಾರೂ ಹೇಳಿಕೊಟ್ಟದ್ದಲ್ಲ, ಕೈಗೇ ಬಂದಿದ್ದು. ನನ್ನ ಮೊದಲ ಜಪಾನಿ ಕತ್ತಿಯನ್ನು ನಾನು ಕೆಡಿಸಿದ್ದೂ ಹಾಗೇ.

ಆಗ ನಗೋಯಾಕ್ಕೆ ಬಂದು ಎರಡು ವರ್ಷ ಆಗಿತ್ತು. ಕಾರಿನ ಸಾಫ್ಟ್‌ವೇರ್ ಕೆಲಸ. ಒಂದು ಭಾನುವಾರ ಹಳೆ ಸಾಮಾನಿನ ಸಂತೆಯಲ್ಲಿ ಒಂದು ವಾಕಿಝಾಶಿ ಕಣ್ಣಿಗೆ ಬಿತ್ತು. ಜಪಾನಿನಲ್ಲಿ ಕತ್ತಿಯ ಉದ್ದವನ್ನು ಶಾಕುವಿನಲ್ಲಿ ಅಳೆಯುತ್ತಾರೆ. ಒಂದು ಶಾಕು ಎಂದರೆ 30.3 ಸೆಂಟಿಮೀಟರ್. ಎರಡು ಶಾಕು ದಾಟಿದರೆ ಕಟಾನಾ, ಒಂದರಿಂದ ಎರಡರ ನಡುವೆ ಇದ್ದರೆ ವಾಕಿಝಾಶಿ, ಅದಕ್ಕಿಂತ ಚಿಕ್ಕದು ತಾಂತೊ. ಇದು 48.5 ಸೆಂಟಿಮೀಟರ್. ಹಿಡಿಯೊಳಗೆ ಇರುವ ಕಬ್ಬಿಣದ ಬಾಲದ ಮೇಲೆ ‘ಬಿಶೂ ಒಸಾಫುನೆ ಸುಕೆಸದ’ ಎಂಬ ಸಹಿ. ಬಿಝೆನ್ ಪ್ರಾಂತ್ಯದ, ಅಂದರೆ ಈಗಿನ ಒಕಾಯಾಮಾ ಕಡೆಯ ಒಸಾಫುನೆ ಊರಿನ ಸುಕೆಸದ. ಮಾರುವವನು ಐನೂರು ವರ್ಷದ್ದು ಅಂದ. ಎರಡೂವರೆ ಲಕ್ಷ ಯೆನ್ ಕೊಟ್ಟೆ. ಸುಕೆಸದ ಅನ್ನೋದು ಒಬ್ಬನ ಹೆಸರಲ್ಲ, ಹದಿನಾರನೇ ಶತಮಾನದಲ್ಲಿ ಆ ಹೆಸರಿನಲ್ಲಿ ಸಹಿ ಹಾಕುತ್ತಿದ್ದ ಕಮ್ಮಾರರು ಹಿಂಡುಗಟ್ಟಲೆ ಇದ್ದರು ಅಂತ ನನಗೆ ಆಗ ಗೊತ್ತಿರಲಿಲ್ಲ.

ಕೊಳ್ಳೋದು ಇಷ್ಟು ಸುಲಭವಾ ಅಂತ ತುಂಬಾ ಜನ ಕೇಳುತ್ತಾರೆ. ಜಪಾನಿನಲ್ಲಿ ಲೈಸೆನ್ಸ್ ಮನುಷ್ಯನಿಗೆ ಅಲ್ಲ, ನೋಂದಣಿ ಕತ್ತಿಗೆ. ಕತ್ತಿಯ ಜೊತೆ ‘ತೋರೊಕುಶೊ’ ಎಂಬ ಒಂದು ಚೀಟಿ ಇರಬೇಕು. ಉದ್ದ, ಬಾಗು, ಬಾಲದಲ್ಲಿ ಎಷ್ಟು ತೂತು, ಏನು ಸಹಿ ಎಲ್ಲ ಅದರಲ್ಲಿ ಬರೆದಿರುತ್ತದೆ. ಕೊಂಡ 20 ದಿನದೊಳಗೆ ಆ ಚೀಟಿ ಕೊಟ್ಟ ಪ್ರಾಂತ್ಯದ ಶಿಕ್ಷಣ ಮಂಡಳಿಗೆ ‘ಈಗ ಇದು ನನ್ನ ಹತ್ತಿರ ಇದೆ’ ಅಂತ ತಿಳಿಸಿದರೆ ಮುಗಿಯಿತು. ಕತ್ತಿ ನೋಡಿಕೊಳ್ಳೋದು ಶಿಕ್ಷಣ ಮಂಡಳಿ! ಯುದ್ಧ ಸೋತ ಮೇಲೆ ಅಮೆರಿಕನ್ನರು ಕತ್ತಿಗಳನ್ನು ರಾಶಿ ರಾಶಿ ವಶಪಡಿಸಿಕೊಂಡಿದ್ದರು. ಇದು ಆಯುಧವಲ್ಲ, ಕಲೆ ಅಂತ ಒಪ್ಪಿಸಿ ಉಳಿಸಿಕೊಂಡಿದ್ದರ ಗುರುತು ಈ ಚೀಟಿ. ನನ್ನದರ ಮೇಲೆ ಶೋವಾ 26 ಅಂತಿತ್ತು, ಅಂದರೆ 1951.

ಮನೆಗೆ ತಂದ ರಾತ್ರಿಯೇ ಬಿಚ್ಚಿದೆ. ಹಿಡಿಗೆ ಅಡ್ಡಲಾಗಿ ಒಂದು ಬಿದಿರಿನ ಮೊಳೆ ಇರುತ್ತದೆ, ಅಷ್ಟೇ. ಅದನ್ನು ಪುಟ್ಟ ಹಿತ್ತಾಳೆ ಸುತ್ತಿಗೆಯಿಂದ ತಟ್ಟಿ ತೆಗೆದು, ಎಡಗೈಯಲ್ಲಿ ಹಿಡಿಯನ್ನು ನೆಟ್ಟಗೆ ಹಿಡಿದು, ಬಲ ಮುಷ್ಟಿಯಿಂದ ಎಡ ಮಣಿಕಟ್ಟಿಗೆ ಒಂದು ಗುದ್ದು ಕೊಟ್ಟರೆ ಅಲಗು ಸಡಿಲವಾಗುತ್ತದೆ. ಬಾಲ ಹೊರಗೆ ಬಂತು. ಅಲಗು ಕನ್ನಡಿಯ ಹಾಗಿದೆ, ಬಾಲ ಮಾತ್ರ ಕಪ್ಪಗೆ ತುಕ್ಕು ಹಿಡಿದಿದೆ. ನನಗೆ ತಡೆಯಲಿಲ್ಲ. ಸಹಿ ಇರುವ ಕಡೆ ಬೇಡ ಅನ್ನುವಷ್ಟು ಬುದ್ಧಿ ಇತ್ತು, ಪುಣ್ಯ. ತಿರುಗಿಸಿ, ಹಿಂಬದಿಯ ತುದಿಯಲ್ಲಿ, ಉಪ್ಪುಕಾಗದ ತಗೊಂಡು ಹೆಬ್ಬೆರಳಗಲದಷ್ಟು ತಿಕ್ಕಿದೆ. ಬೆಳ್ಳಿ ಹಾಗೆ ಬಂತು. ಖುಷಿಯಾಗಿ ಫೋಟೋ ಬೇರೆ ತೆಗೆದೆ.

ಆ ಫೋಟೋವನ್ನು ಆಫೀಸಿನ ಒಬ್ಬರಿಗೆ ತೋರಿಸಿದಾಗ ಅವರ ಮುಖ ಸಣ್ಣಗಾಯಿತು. ಏನೂ ಹೇಳಲಿಲ್ಲ. ಮುಂದಿನ ವಾರ ತಮ್ಮ ಚಿಕ್ಕಪ್ಪನ ಮನೆಗೆ ಕರೆದುಕೊಂಡು ಹೋದರು. ಎಂಬತ್ತರ ಹತ್ತಿರದ ಹಿರಿಯರು, ನಲವತ್ತು ವರ್ಷದಿಂದ ಕತ್ತಿ ನೋಡುತ್ತಿರುವವರು. ಅವರನ್ನು ನಾನು ಇವತ್ತಿಗೂ ಸೆನ್ಸೇ, ಅಂದರೆ ಗುರುಗಳು ಅಂತಲೇ ಕರೆಯೋದು. ಅವರು ಮೊದಲು ಕತ್ತಿಗೆ ತಲೆಬಾಗಿದರು. ಆಮೇಲೆ ಅಲಗು ನೋಡಿದರು, ಕೊನೆಗೆ ಬಾಲ. ನಾನು ತಿಕ್ಕಿದ ಜಾಗದಲ್ಲಿ ಬೆರಳು ನಿಂತಿತು.

“ಇದನ್ನು ನೀವೇ ತಿಕ್ಕಿದ್ದಾ?”

“ಹೌದು, ಸೆನ್ಸೇ.”

“ಒಳ್ಳೆ ಕೆಲಸ ಅಂದ್ರೆ, ಅಷ್ಟಕ್ಕೇ ನಿಲ್ಲಿಸಿದ್ದೀರಿ.”

ಬಾಲದ ತುಕ್ಕೇ ಕತ್ತಿಯ ಜಾತಕ ಅಂತ ಆವತ್ತು ಗೊತ್ತಾಯಿತು. ಐನೂರು ವರ್ಷದ ತುಕ್ಕಿಗೂ ನೂರು ವರ್ಷದ ತುಕ್ಕಿಗೂ ಬಣ್ಣ ಬೇರೆ, ದಪ್ಪ ಬೇರೆ. ಅದರ ಕೆಳಗೆ ಕಮ್ಮಾರ ಕೊನೆಯಲ್ಲಿ ಅರ ಹಾಕಿದ ಗೆರೆಗಳು ಇರುತ್ತವೆ. ಒಂದೊಂದು ಮನೆತನ ಒಂದೊಂದು ದಿಕ್ಕಿಗೆ ಅರ ಹಾಕುತ್ತಿತ್ತು. ನಾನು ತಿಕ್ಕಿದ ಕಡೆ ಆ ಗೆರೆ ಮಾಯ. ಉಳಿದ ಕಡೆ ಭೂತಗನ್ನಡಿ ಹಿಡಿದು ನೋಡಿದೆವು: ಗೆರೆಗಳು ನಡುವಿನಿಂದ ಎರಡೂ ಕಡೆಗೆ ಓರೆಯಾಗಿ ಇಳಿದಿದ್ದವು. ಗಿಡುಗದ ಗರಿ ಅಂತಾರೆ ಇದನ್ನು. ಬಿಝೆನ್‌ನವರು ಸಾಮಾನ್ಯವಾಗಿ ಒಂದೇ ಕಡೆಗೆ ಓರೆ ಹಾಕುತ್ತಿದ್ದರು. ಗಿಡುಗದ ಗರಿ ಜಾಸ್ತಿ ಸಿಗೋದು ಮಿನೋದಲ್ಲಿ. ಮಿನೋ ಅಂದರೆ ಗಿಫು, ನಮ್ಮ ನಗೋಯಾದ ಪಕ್ಕದ ಪ್ರಾಂತ್ಯ.

ಸೆನ್ಸೇ ಸಹಿಯ ಮೇಲೆ ಬೆಳಕು ಓರೆಯಾಗಿ ಬೀಳಿಸಿದರು. ಸುತ್ತ ಇರುವ ತುಕ್ಕು ಹುಣಸೆಬೀಜದ ಬಣ್ಣ. ಅಕ್ಷರದ ಗೀರಿನೊಳಗೆ ಮಾತ್ರ ತುಕ್ಕು ತೆಳು, ಕೆಂಪು. ಉಳಿಯ ಅಂಚು ಇನ್ನೂ ಚೂಪು. ಕತ್ತಿ ಹುಟ್ಟಿ ಎಷ್ಟೋ ಕಾಲದ ಮೇಲೆ ಯಾರೋ ಕೊರೆದಿದ್ದು. ಗಿಮೇ, ಅಂದರೆ ಸುಳ್ಳು ಸಹಿ. ಬಿಝೆನ್ ಹೆಸರಿಗೆ ಬೆಲೆ ಜಾಸ್ತಿ, ಅದಕ್ಕೆ. ಒಕಾಯಾಮಾದ್ದು ಅಂತ ನಾನು ಹೊತ್ತು ತಂದ ಕತ್ತಿ ಬಹುಶಃ ಪಕ್ಕದ ಮಿನೋದ ಸೆಕಿ ಊರಿನಲ್ಲೇ ಹುಟ್ಟಿದ್ದು!

ಖಾತ್ರಿ ಮಾಡಿಕೊಳ್ಳೋಣ ಅಂತ ಸಾಣೆಯವರ ಹತ್ತಿರ ಕೊಟ್ಟೆ. ಅವರಿಗೆ ತೊಗಿಶಿ ಅಂತಾರೆ. ಪೂರ್ತಿ ಸಾಣೆ ಹಿಡಿಸೋದು ಜೇಬಿಗೆ ಭಾರ, ತಿಂಗಳುಗಟ್ಟಲೆ ಕಾಯಬೇಕು, ಪ್ರತಿ ಸಾಣೆಗೂ ಉಕ್ಕು ಸವೆಯುತ್ತದೆ. ಅದಕ್ಕೆ ಅವರು ಮೊದಲು ಅಲಗಿನ ಸ್ವಲ್ಪ ಜಾಗ ಮಾತ್ರ ಹಿಡಿದು ಕೊಡುತ್ತಾರೆ. ಅದರ ಹೆಸರು ಮಾದೊ, ಕಿಟಕಿ ಅಂತ ಅರ್ಥ. ಅದಕ್ಕೂ ಮುಂಚೆ ನಾನು ಕನ್ನಡಿ ಅಂದುಕೊಂಡಿದ್ದ ಹೊಳಪು ಯಾರೋ ಯಂತ್ರದ ಬಫ್‌ನಲ್ಲಿ ಉಜ್ಜಿದ್ದು ಅಂತ ಅವರು ಹೇಳಿದರು. ಕಿಟಕಿ ತೆರೆದ ಮೇಲೆ ಒಳಗಿನ ಉಕ್ಕು ಕಂಡಿತು.

ಇದನ್ನು ಹೇಗೆ ಹೇಳೋದು. ಕಾದ ಉಕ್ಕನ್ನು ಮಡಚಿ ಮಡಚಿ ಬಡಿದಿರುತ್ತಾರಲ್ಲ, ಹಾಗಾಗಿ ಅಲಗಿನ ಮೈಯಲ್ಲಿ ಮರದ ಹಲಗೆಯ ಹಾಗೆ ಎಳೆ ಇರುತ್ತದೆ. ಕೆಲವದರಲ್ಲಿ ಹಲಸಿನ ಹಲಗೆಯ ಹಾಗೆ ಸುಳಿಸುಳಿ, ಕೆಲವದರಲ್ಲಿ ನೆಟ್ಟಗೆ ಸೀಳಿದ ಬಿದಿರಿನ ಹಾಗೆ. ನನ್ನದರಲ್ಲಿ ಬೆನ್ನಿನ ಕಡೆ ನೆಟ್ಟನೆ ಎಳೆ. ಅದು ಮಿನೋ ಗುರುತು. ಬಾಯಿಯ ಉದ್ದಕ್ಕೂ ಹಾಮೊನ್ ಎಂಬ ಬಿಳಿ ಅಲೆ. ಕಾಯಿಸುವ ಮುಂಚೆ ಬಾಯಿಗೆ ತೆಳ್ಳಗೆ, ಬೆನ್ನಿಗೆ ದಪ್ಪಗೆ ಮಣ್ಣು ಮೆತ್ತಿ, ನೀರಿಗೆ ಅದ್ದಿದಾಗ ಬಾಯಿ ಬೇಗ ತಣ್ಣಗಾಗಿ ಗಟ್ಟಿಯಾಗುತ್ತದೆ. ಗಟ್ಟಿ ಮತ್ತು ಮೆದು ಸೇರುವ ಗಡಿಯೇ ಆ ಅಲೆ. ಗಡಿಯಲ್ಲಿ ಕಾಳು ಕಾಳಾಗಿ ಮಿನುಗುವುದು ನಿಯೆ. ಕಪ್ಪು ಬಟ್ಟೆಯ ಮೇಲೆ ಚಿರೋಟಿ ರವೆ ಚೆಲ್ಲಿದ ಹಾಗೆ. ಕಾಳು ಕಾಣದೆ ಬರೀ ಮಂಜಿನ ಹಾಗಿದ್ದರೆ ನಿಯೊಯಿ. ನನ್ನ ಕತ್ತಿಯ ಅಲೆಯಲ್ಲಿ ನಡುನಡುವೆ ಚೂಪು ಮೂತಿ ಎದ್ದಿತ್ತು. ತುದಿಯಲ್ಲಿ ಅಲೆ ತಿರುಗುವಾಗ ಸೊಂಟ ಸಣ್ಣ ಮಾಡಿ ತಲೆ ಗುಂಡಾಗಿತ್ತು, ರಸ್ತೆ ಬದಿಯ ಕಲ್ಲಿನ ಜಿಝೋ ದೇವರ ತಲೆಯ ಹಾಗೆ. ಇದೂ ಮಿನೋದ್ದೇ. ಇಷ್ಟೆಲ್ಲ ಕಾಣಬೇಕಾದರೆ ಟ್ಯೂಬ್‌ಲೈಟ್ ಆರಿಸಿ, ಒಂದೇ ಬಲ್ಬ್ ಹಾಕಿ, ಅಲಗನ್ನು ಬಲ್ಬಿನ ಕಡೆ ಚಾಚಿ ಓಲಾಡಿಸಬೇಕು. ನನಗೆ ಮೊದಲ ಆರು ತಿಂಗಳು ಬಲ್ಬ್ ಬಿಟ್ಟು ಇನ್ನೇನೂ ಕಂಡಿರಲಿಲ್ಲ.

ಕಣ್ಣು ಪಳಗಿದ್ದು ಸೆನ್ಸೇ ಕರೆದುಕೊಂಡು ಹೋದ ತಿಂಗಳ ಕೂಟದಲ್ಲಿ. ಅಲ್ಲಿ ಐದು ಕತ್ತಿ ಇಟ್ಟು, ಬಾಲ ಮುಚ್ಚಿರುತ್ತಾರೆ. ಆಕಾರ, ಎಳೆ, ಅಲೆ ನೋಡಿ ಮಾಡಿದವರ ಹೆಸರು ಚೀಟಿಯಲ್ಲಿ ಬರೆದು ಕೊಡಬೇಕು. ಸರಿಯಾದರೆ ‘ಅತಾರಿ’. ಅದೇ ಮನೆತನದ ಹತ್ತಿರದವನನ್ನು ಬರೆದರೆ ‘ದೋಝೆನ್’, ಅದನ್ನೂ ಸರಿ ಅಂತಲೇ ಲೆಕ್ಕ. ಪೂರ್ತಿ ತಪ್ಪಾದರೆ ‘ಇಯಾ’. ಮೊದಲ ವರ್ಷ ನನ್ನ ಚೀಟಿಗಳ ತುಂಬ ಇಯಾ ಇಯಾ. ಪುಸ್ತಕ ನೂರು ಓದಿದರೂ ಬರದ್ದು ಇಲ್ಲಿ ಬಂತು.

ಆ ವಾಕಿಝಾಶಿಗೆ ಪ್ರಮಾಣಪತ್ರ ಸಿಗುವುದಿಲ್ಲ. ಕತ್ತಿ ಪರೀಕ್ಷೆಯಲ್ಲಿ ದೊಡ್ಡ ಹೆಸರು 1948ರಲ್ಲಿ ಶುರುವಾದ ಎನ್‌ಬಿಟಿಎಚ್‌ಕೆ, ಅಂದರೆ ಜಪಾನಿನ ಕಲಾ ಕತ್ತಿಗಳ ಸಂರಕ್ಷಣಾ ಸಂಘ. ತೋಕಿಯೊದ ರ್ಯೋಗೊಕುವಿನಲ್ಲಿರುವ ಕತ್ತಿ ಮ್ಯೂಸಿಯಂ ಅವರದೇ. ಸುಳ್ಳು ಸಹಿ ಇರುವುದನ್ನು ಅವರು ಪಾಸು ಮಾಡಲ್ಲ. ಸಹಿ ಅಳಿಸಿ ಕೊಟ್ಟರೆ ‘ಸಹಿಯಿಲ್ಲದ ಮಿನೋ ಕತ್ತಿ’ ಅಂತ ಸಿಕ್ಕರೂ ಸಿಗಬಹುದು. ಕೆಲವರು ಹಾಗೆ ಮಾಡಿಸುತ್ತಾರೆ. ನಾನು ಮಾಡಿಸಲಿಲ್ಲ. ಒಂದು ಸಲ ತಿಕ್ಕಿದ್ದೇ ಸಾಕಾಗಿದೆ.

ಆಮೇಲೆ ಕೊಂಡಿದ್ದು ಮೂರೇ, ಎಲ್ಲ ಪತ್ರ ಇರುವವು. ಬಿಟ್ಟು ಬಂದಿದ್ದೇ ಜಾಸ್ತಿ. ಒಂದು ಚಂದದ ಕಟಾನಾ ಕೈಯಲ್ಲಿ ಹಿಡಿದು ಆಸೆ ಹುಟ್ಟಿದಾಗ, ಬಾಯಿಗೆ ಅಡ್ಡವಾಗಿ ಕೂದಲೆಳೆಯಷ್ಟು ಸೀಳು ಕಂಡಿತು. ಹಾಗಿರೆ ಅಂತಾರೆ. ಬೇರೆ ಎಷ್ಟೋ ದೋಷಕ್ಕೆ ಕ್ಷಮೆ ಇದೆ, ಇದಕ್ಕಿಲ್ಲ. ಸುಮ್ನೆ ನಮಸ್ಕಾರ ಹೇಳಿ ವಾಪಸ್ ಕೊಟ್ಟೆ.

ನೋಡಿಕೊಳ್ಳೋದು ಕಷ್ಟವೇನಲ್ಲ. ಶಿರಸಾಯಾ ಎಂಬ ಬಿಳಿ ಮರದ ಒರೆಯಲ್ಲಿ, ಬಾಯಿ ಮೇಲೆ ಮಾಡಿ, ಮಲಗಿಸಿ ಇಡುತ್ತೇನೆ. ಆ ಒರೆಯ ಎರಡು ಹೋಳನ್ನು ಅಂಟಿಸೋದು ಅನ್ನದ ಗಂಜಿಯಿಂದ, ಒಳಗೆ ಕೊಳೆಯಾದರೆ ಬಿಚ್ಚಿ ತೊಳೆಯಲಿ ಅಂತ. ಮೂರು ತಿಂಗಳಿಗೊಮ್ಮೆ ಹಳೆ ಎಣ್ಣೆ ಒರೆಸಿ, ನೋಡಿ, ಹೊಸ ಎಣ್ಣೆ ತೆಳ್ಳಗೆ ಸವರುತ್ತೇನೆ. ಸಿನಿಮಾದಲ್ಲಿ ಉಂಡೆ ಹಿಡಿದು ಟಪಟಪ ಅಂತ ಪುಡಿ ತಟ್ಟುತ್ತಾರಲ್ಲ, ಅದು ಸಾಣೆಕಲ್ಲಿನ ಪುಡಿ, ಗೀರು ಬೀಳುತ್ತದೆ. ಹೊಸ ಸಾಣೆಯ ಮೇಲೆ ನಾನು ಅದನ್ನು ಬಳಸಲ್ಲ, ಶುದ್ಧ ಆಲ್ಕೋಹಾಲ್ ಮತ್ತು ಮೆತ್ತನೆ ಕಾಗದ ಸಾಕು. ಬೆರಳು ತಾಗಿಸಬಾರದು. ಅಲಗಿನ ಎದುರು ಮಾತಾಡಬಾರದು, ಎಂಜಲು ಹಾರಿದ ಕಡೆ ಚುಕ್ಕಿ ಬೀಳುತ್ತದೆ. ಜೂನ್ ತಿಂಗಳ ಮಳೆ ನಮ್ಮ ಸಾಗರದ ಮಳೆಯ ತಮ್ಮ, ಆಗ ಇನ್ನೂ ಹುಷಾರಾಗಿರಬೇಕು.

ಆ ಎಣ್ಣೆಗೆ ಲವಂಗದ ವಾಸನೆ. ಅಮ್ಮ ಒಂದು ನವರಾತ್ರಿಗೆ ಬಂದವಳು ಬಾಗಿಲಲ್ಲೇ ನಿಂತು, “ಯಾರಿಗೋ ಹಲ್ಲುನೋವು?” ಅಂದಳು. ಆಯುಧಪೂಜೆ ದಿನ ಕತ್ತಿಗೆ ಕುಂಕುಮ ಇಡದೆ ಬಿಡಲ್ಲ ಅಂತ ಹಟ. ಅಲಗಿಗೆ ಬೇಡ, ಒರೆಗೆ ಇಡಮ್ಮ ಅಂತ ಕೈಕಾಲು ಹಿಡಿದೆ. ಇಟ್ಟಳು. ಬಿಳಿ ಮರದ ಮೇಲೆ ಆ ಕೆಂಪು ಇನ್ನೂ ಇದೆ. ಸೆನ್ಸೇ ನೋಡಿ, ಇದು ಅಳಿಸಬೇಡಿ, ಇನ್ನು ಇದೂ ಅದರ ಚರಿತ್ರೆ ಅಂದರು.

ಊರಿನ ಕಡೆಯಿಂದ ಆಗಾಗ ವಾಟ್ಸಾಪ್ ಫೋಟೋ ಬರುತ್ತದೆ, ಮುಖ್ಯವಾಗಿ ಕೊಡಗಿನಿಂದ. 1945ರ ಸೆಪ್ಟೆಂಬರ್ 12ರಂದು ಸಿಂಗಪುರದಲ್ಲಿ ಜಪಾನೀಯರು ಶರಣಾದಾಗ ಭಾರತದ ಪರವಾಗಿ ಇದ್ದವರು ಕೊಡಗಿನ ತಿಮ್ಮಯ್ಯ. ಬರ್ಮಾ, ಮಲಯಾ ಕಡೆ ಹೋರಾಡಿದ ಮನೆಗಳಲ್ಲಿ ಅಜ್ಜ ತಂದ ಕತ್ತಿ ಅಂತ ಒಂದೊಂದು ಇರುತ್ತದೆ. ಹಲವು ಯುದ್ಧಕಾಲದಲ್ಲಿ ಅವಸರಕ್ಕೆ ಮಾಡಿದವು, ಬಾಲದ ಮೇಲೆ ಪುಟ್ಟ ಮುದ್ರೆ ಒತ್ತಿರುತ್ತದೆ. ಆದರೆ ಅಜ್ಜನ ಕಾಲದ ಸೈನ್ಯದ ಒರೆಯಲ್ಲಿ ನಾನೂರು ವರ್ಷದ ಅಲಗು ಇರುವುದೂ ಉಂಟು, ಜಪಾನಿ ಅಧಿಕಾರಿಗಳು ಮನೆಯ ಹಳೆ ಕತ್ತಿಗೆ ಸೈನ್ಯದ ಹಿಡಿ ಹಾಕಿಸಿಕೊಂಡು ಹೋಗುತ್ತಿದ್ದರು. ನಾನು ಎಲ್ಲರಿಗೂ ಮೊದಲು ಕಳಿಸುವ ಉತ್ತರ ಒಂದೇ: ಪಾಲಿಶ್ ಹಾಕಬೇಡಿ, ಬಾಲ ತಿಕ್ಕಬೇಡಿ, ಬಾಲದ ಎರಡೂ ಕಡೆ ಫೋಟೋ ಕಳಿಸಿ. ಅರ್ಧ ಜನ ಕಳಿಸುವ ಹೊತ್ತಿಗೆ ತಿಕ್ಕಿ ಆಗಿರುತ್ತದೆ.

ಹೋದ ತಿಂಗಳು ಕೂಟಕ್ಕೆ ನನ್ನ ವಾಕಿಝಾಶಿ ತಗೊಂಡು ಹೋಗಿದ್ದೆ. ನಾನು ತಿಕ್ಕಿದ ಜಾಗ ಮೊದಲು ಬೆಳ್ಳಿ, ಆಮೇಲೆ ಚಹಾ, ಈಗ ಹತ್ತು ವರ್ಷ ದಾಟಿ ಕಾಫಿ ಬಣ್ಣಕ್ಕೆ ಬಂದಿದೆ. ಹುಣಸೆಬೀಜ ಇನ್ನೂ ದೂರ. ಹೊಸದಾಗಿ ಸೇರಿದ ಹುಡುಗ ಒಬ್ಬ ಅಲ್ಲೇ ಬೆರಳು ತೋರಿಸಿ, ಇದು ಯಾಕೆ ಬೇರೆ ಥರ ಇದೆ ಅಂತ ಕೇಳಿದ. ಮೂಲೆಯಲ್ಲಿ ಸೆನ್ಸೇ ನಗು ತಡೆದುಕೊಳ್ಳುತ್ತಿದ್ದರು.

“ಅದು ನಾನು,” ಅಂದೆ.