ಬಾಯ್ಲರ್ ಪ್ರೆಶರ್: ನೀರು ತುಂಬಿಸುವ ಮುಂಚೆ ನಾನು ನೋಡುವುದು

ಬ್ರಿಟನ್ನಿನ ಮನೆಗಳಲ್ಲಿ ಕೋಣೆಗಳನ್ನೂ ನಲ್ಲಿಯ ನೀರನ್ನೂ ಒಂದೇ ಯಂತ್ರದಲ್ಲಿ ಬಿಸಿ ಮಾಡುವ ಗ್ಯಾಸ್ ಕಾಂಬಿ ಬಾಯ್ಲರ್‌ಗೂ ನಮ್ಮ ಊರಿನ ಬಚ್ಚಲುಮನೆಯ ಹಂಡೆಗೂ ಇರುವ ದೊಡ್ಡ ವ್ಯತ್ಯಾಸ ಎಂದರೆ ಹಂಡೆಯ ಬಾಯಿ ತೆರೆದಿರುತ್ತದೆ. ನೀರು ಕಾದು ಉಬ್ಬಿದರೂ ಅದಕ್ಕೆ ಜಾಗವಿದೆ. ಇಲ್ಲಿ ಬಾಯ್ಲರ್, ಪೈಪು, ಕೋಣೆ ಬೆಚ್ಚಗಿಡುವ ರೇಡಿಯೇಟರ್ ಎಲ್ಲ ಸೇರಿ ಒಂದು ಮುಚ್ಚಿದ ಸುತ್ತು. 100 ಲೀಟರ್ ನೀರು 10 ಡಿಗ್ರಿಯಿಂದ 70 ಡಿಗ್ರಿಗೆ ಕಾದರೆ ಎರಡು ಲೀಟರಿಗೂ ತುಸು ಹೆಚ್ಚು ಉಬ್ಬುತ್ತದೆ. ಅಷ್ಟಕ್ಕೆ ಜಾಗ ಕೊಡುವುದು ಎಕ್ಸ್‌ಪ್ಯಾನ್ಷನ್ ವೆಸೆಲ್. ಅದೊಂದು ಉಕ್ಕಿನ ಡಬ್ಬ, ನಡುವೆ ರಬ್ಬರ್ ಪೊರೆ, ಒಂದು ಕಡೆ ನೀರು, ಇನ್ನೊಂದು ಕಡೆ ಗಾಳಿ. ಹಾಗಾಗಿ ಪ್ರೆಶರ್ ತೊಂದರೆ ಬಂದರೆ ಒಂದೋ ನೀರು ಎಲ್ಲೋ ಸೋರುತ್ತಿದೆ, ಇಲ್ಲವೇ ಡಬ್ಬದ ಗಾಳಿ ಹೋಗಿದೆ, ಅದೂ ಅಲ್ಲದಿದ್ದರೆ ನಲ್ಲಿಯ ನೀರು ಸುತ್ತಿನೊಳಗೆ ನುಗ್ಗುತ್ತಿದೆ. ಯಾವುದು ಅಂತ ಅಂದಾಜೂ ಇಲ್ಲದೆ ಎಂಜಿನಿಯರನ್ನು ಕರೆಸಿದರೆ ಅರ್ಧ ದುಡ್ಡು ಹುಡುಕಾಟಕ್ಕೇ ಹೋಗುತ್ತದೆ.

ಮೊದಲ ಕೆಲಸ ಎರಡು ಮೂರು ದಿನ ಬಾಯ್ಲರ್‌ನ ಪ್ರೆಶರ್ ಗೇಜ್ ಓದಿ ಬರೆದಿಡುವುದು. ಬೆಳಗ್ಗೆ ಹೀಟಿಂಗ್ ಹಾಕುವ ಮುಂಚೆ ಒಂದು ಸಲ, ಹೀಟಿಂಗ್ ಒಂದು ಗಂಟೆ ಓಡಿದ ಮೇಲೆ ಇನ್ನೊಂದು ಸಲ. ತಣ್ಣಗಿರುವಾಗ 1ರಿಂದ 1.5 ಬಾರ್ (ಪ್ರೆಶರಿನ ಅಳತೆ), ಬಿಸಿಯಾದಾಗ 2ರೊಳಗೆ ಇದ್ದರೆ ಆರೋಗ್ಯ. ಹತ್ತು ಮೀಟರ್ ಎತ್ತರದ ನೀರು ಸುಮಾರು 1 ಬಾರ್. ಕೆಳಗಿನ ಮನೆಯ ಬಾಯ್ಲರ್ ಮಹಡಿಯ ರೇಡಿಯೇಟರ್‌ನ ತಲೆವರೆಗೆ ನೀರು ತುಂಬಿಸಿಟ್ಟು ಇನ್ನೂ ಸ್ವಲ್ಪ ಉಳಿಸಿಕೊಳ್ಳಬೇಕು, ಅದಕ್ಕೇ 1ಕ್ಕಿಂತ ಕೆಳಗೆ ಬಿಡಬಾರದು. 0.5ರ ಹತ್ತಿರ ಬಂದರೆ ಹೆಚ್ಚಿನ ಬಾಯ್ಲರ್‌ಗಳು ತಾವೇ ನಿಂತುಬಿಡುತ್ತವೆ. 3 ಬಾರ್ ಮುಟ್ಟಿದರೆ ಸೇಫ್ಟಿ ವಾಲ್ವ್ ತೆರೆದು ನೀರನ್ನು ಹೊರಗೆ ಚೆಲ್ಲುತ್ತದೆ.

ಬೆಳಗ್ಗೆ 1.2 ಇದ್ದ ಮುಳ್ಳು ಹೀಟಿಂಗ್ ಹಾಕಿದ ಅರ್ಧ ಗಂಟೆಯಲ್ಲಿ 3ರ ಹತ್ತಿರ ಏರಿ, ಮಾರನೆಯ ಬೆಳಗ್ಗೆ 0.4ಕ್ಕೆ ಇಳಿದಿದ್ದರೆ ಸೋರಿಕೆ ಹುಡುಕಲು ನೆಲ ಅಗೆಯಬೇಡಿ. ವೆಸೆಲ್‌ನಲ್ಲಿ ಗಾಳಿ ಇಲ್ಲ, ಉಬ್ಬಿದ ನೀರು ಸೇಫ್ಟಿ ವಾಲ್ವ್ ದೂಡಿ ಹೊರಗೆ ಹೋಗುತ್ತಿದೆ, ತಣಿದಾಗ ಆ ನೀರಿನ ಕೊರತೆ ಕಾಣುತ್ತಿದೆ, ಅಷ್ಟೇ. ಬಿಸಿಯಲ್ಲಿ ಏರಿಕೆ ಸರಿಯಾಗಿದ್ದು ದಿನೇ ದಿನೇ ನಿಧಾನವಾಗಿ ಇಳಿಯುತ್ತಿದ್ದರೆ ಸೋರಿಕೆ. ಹೀಟಿಂಗ್ ಹಾಕದಿದ್ದರೂ ಮುಳ್ಳು ಏರುತ್ತಲೇ ಹೋದರೆ ನಲ್ಲಿಯ ನೀರನ್ನು ಸುತ್ತಿಗೆ ತುಂಬಿಸುವ ಹೋಸ್, ಅಂದರೆ ಫಿಲ್ಲಿಂಗ್ ಲೂಪ್‌ನ ವಾಲ್ವ್ ಪೂರ್ತಿ ಮುಚ್ಚಿಲ್ಲ. ಆ ಹೆಣೆದ ಬೆಳ್ಳಿ ಬಣ್ಣದ ಹೋಸನ್ನು ಬಿಚ್ಚಿ, ತುದಿಗಳಿಗೆ ಮುಚ್ಚಳ ಹಾಕಿ ನೋಡಿ. ಆಮೇಲೂ ಏರಿದರೆ ಸುತ್ತಿನ ಬಿಸಿಯನ್ನು ನಲ್ಲಿಯ ನೀರಿಗೆ ದಾಟಿಸುವ ಪ್ಲೇಟ್ ಹೀಟ್ ಎಕ್ಸ್‌ಚೇಂಜರ್‌ನಲ್ಲಿ ತೂತು.

ಸೋರಿಕೆ ಅನ್ನಿಸಿದರೆ ನಾನು ಮೊದಲು ಮನೆಯ ಹೊರಗೆ ಹೋಗುತ್ತೇನೆ. ಗೋಡೆಯಿಂದ ಹೊರಬಂದು ಗೋಡೆಯ ಕಡೆಗೇ ಬಾಗಿರುವ 15 ಮಿ.ಮೀ. ತಾಮ್ರದ ಪೈಪು ಸೇಫ್ಟಿ ವಾಲ್ವ್‌ನದು. ಅದರ ಬಾಯಿಗೆ ಒಂದು ಪ್ಲಾಸ್ಟಿಕ್ ಚೀಲವನ್ನು ರಬ್ಬರ್ ಬ್ಯಾಂಡಿನಿಂದ ಸಡಿಲವಾಗಿ ಕಟ್ಟಿ ಒಂದು ರಾತ್ರಿ ಬಿಡಿ. ಬೆಳಗ್ಗೆ ಚೀಲದ ಮೂಲೆಯಲ್ಲಿ ಒಂದು ಚಮಚ ನೀರಿದ್ದರೂ ಸಾಕು, ಉತ್ತರ ಸಿಕ್ಕಿತು. ನೋಡಿದ ಮೇಲೆ ಚೀಲ ತೆಗೆದುಬಿಡಿ, ಆ ಪೈಪಿನ ಬಾಯಿ ಎಂದೂ ಕಟ್ಟಿರಬಾರದು. ಒಮ್ಮೆ ತೆರೆದ ವಾಲ್ವ್‌ನ ಸೀಟಿನಲ್ಲಿ ಕರಿ ಕೆಸರಿನ ಕಣ ಸಿಕ್ಕಿಕೊಂಡು ಅದು ಎಷ್ಟೋ ಸಲ ಮತ್ತೆ ಸರಿಯಾಗಿ ಕೂರುವುದಿಲ್ಲ.

ಚೀಲ ಒಣಗಿದ್ದರೆ ಮುಂದಿನ ಪರೀಕ್ಷೆ. ರಾತ್ರಿ ಬಾಯ್ಲರ್‌ನ ಸ್ವಿಚ್ ಆರಿಸಿ, ತಣಿದ ಮೇಲೆ ಅದರ ಕೆಳಗಿನ, ರೇಡಿಯೇಟರ್‌ಗೆ ನೀರು ಹೋಗುವ ಮತ್ತು ಮರಳುವ ಪೈಪುಗಳ ಫ್ಲೋ ಮತ್ತು ರಿಟರ್ನ್ ವಾಲ್ವ್‌ಗಳನ್ನು ಮುಚ್ಚಿ. ವಾಲ್ವ್ ಮುಚ್ಚಿರುವಾಗ ಬಾಯ್ಲರ್ ಓಡಿಸಲೇಬಾರದು, ಹಿಮ ಬೀಳುವ ರಾತ್ರಿ ಇದನ್ನು ಮಾಡಬೇಡಿ. ಬೆಳಗ್ಗೆ ಮುಳ್ಳು ಇಳಿದಿದ್ದರೆ ಸೋರಿಕೆ ಬಾಯ್ಲರ್ ಒಳಗೆ. ಮುಳ್ಳು ಅಲ್ಲೇ ನಿಂತಿದ್ದು, ವಾಲ್ವ್ ತೆರೆದ ಕೂಡಲೇ ಕುಸಿದರೆ ಪೈಪು ಅಥವಾ ರೇಡಿಯೇಟರ್. ಆಗ ಒಣ ಟಿಶ್ಯೂ ಪೇಪರ್ ಹಿಡಿದು ಪ್ರತಿ ರೇಡಿಯೇಟರ್ ವಾಲ್ವ್‌ನ ನಟ್ಟು, ಸ್ಪಿಂಡಲ್‌ನ ಬುಡ, ಗಾಳಿ ಬಿಡುವ ಸ್ಕ್ರೂ ಸುತ್ತ ಒತ್ತಿ ನೋಡಬೇಕು. ಬಿಸಿ ಪೈಪಿನ ಮೇಲೆ ಜಿನುಗಿದ ನೀರು ಬೀಳುವ ಮುಂಚೆಯೇ ಆರಿಹೋಗುತ್ತದೆ, ಉಳಿಯುವುದು ಹಸಿರು ಅಥವಾ ಬಿಳಿ ಪುಡಿ ಮಾತ್ರ. ಹಾಗಾಗಿ ಹೀಟಿಂಗ್ ಆರಿಸಿ ತಣ್ಣಗಾದ ಮೇಲೇ ಹುಡುಕಿ.

ವೆಸೆಲ್‌ಗೆ ಕಾರಿನ ಟೈರಿನಂಥದೇ ಗಾಳಿ ವಾಲ್ವ್ ಇರುತ್ತದೆ. ಪಿನ್ ಒತ್ತಿದಾಗ ನೀರು ಚಿಮ್ಮಿದರೆ ಪೊರೆ ಹರಿದಿದೆ, ವೆಸೆಲ್ಲೇ ಬದಲಾಗಬೇಕು. ಏನೂ ಬಾರದಿದ್ದರೆ ಗಾಳಿ ಹೋಗಿದೆ. ಗಾಳಿ ಬಂದರೂ ಅದನ್ನು ಅಳೆಯುವುದು ನೀರಿನ ಪ್ರೆಶರ್ ಸೊನ್ನೆಗೆ ಇಳಿಸಿದ ಮೇಲೆ ಮಾತ್ರ, ಇಲ್ಲದಿದ್ದರೆ ಪೊರೆಯಾಚೆಯ ನೀರಿನ ಪ್ರೆಶರನ್ನೇ ಅಳೆದಂತಾಗುತ್ತದೆ. ನೀರು ಹೊರಬಿಡುವ ಡ್ರೇನ್ ವಾಲ್ವ್ ತೆರೆದಿಟ್ಟೇ ಗಾಳಿ ಹೊಡೆಯಬೇಕು. ಪೊರೆ ಹಿಂದೆ ಸರಿಯುತ್ತಾ ಒಳಗಿನ ನೀರನ್ನು ದೂಡುತ್ತದೆ. ನೀರು ನಿಂತು, ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟು, ಸಾಮಾನ್ಯವಾಗಿ 0.75ರಿಂದ 1 ಬಾರ್, ಅಂದರೆ 11ರಿಂದ 14.5 ಪಿ.ಎಸ್.ಐ. ನಿಂತರೆ ಸರಿ. ಗಾಳಿ ಸರಿಯಿದ್ದೂ ಬಿಸಿಯಾದಾಗ ಮುಳ್ಳು 3ರ ಹತ್ತಿರ ಏರುವ ಅದೇ ಲಕ್ಷಣ ಕಂಡರೆ ವೆಸೆಲ್‌ಗೆ ಹೋಗುವ ಸಣ್ಣ ಹೋಸ್ ಕೆಸರಿನಿಂದ ಕಟ್ಟಿರಬಹುದು. ಅನೇಕರು ಇದನ್ನು ನೋಡುವುದೇ ಇಲ್ಲ. ವೆಸೆಲ್‌ನ ಗಾಳಿ ವಾಲ್ವ್ ಮುಟ್ಟಲು ಬಾಯ್ಲರ್‌ನ ಮುಚ್ಚಿದ ಕೇಸಿಂಗ್ ತೆಗೆಯಬೇಕಿದ್ದರೆ ನಾನು ಕೈ ಹಾಕುವುದಿಲ್ಲ. ಕೇಸಿಂಗ್ ಸರಿಯಾಗಿ ಕೂರದಿದ್ದರೆ ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೆ ಬರಬಹುದು. ಅದು ಎಂಜಿನಿಯರ್ ಕೆಲಸ.

ಆ ಎಂಜಿನಿಯರ್, ಗ್ಯಾಸ್ ಕೆಲಸಕ್ಕೆ ಕಾನೂನು ಒಪ್ಪಿದವರ ಪಟ್ಟಿಯಾದ ಗ್ಯಾಸ್ ಸೇಫ್ ರಿಜಿಸ್ಟರ್‌ನಲ್ಲಿ ಇರಲೇಬೇಕು. ಇಂಗ್ಲೆಂಡ್, ವೇಲ್ಸ್, ಸ್ಕಾಟ್‌ಲೆಂಡ್‌ನಲ್ಲಿ 2009ರ ಏಪ್ರಿಲ್ 1ರಿಂದ ಕೋರ್ಗಿ ಪಟ್ಟಿಯ ಜಾಗಕ್ಕೆ ಬಂದಿರುವುದು ಇದೇ. ಬಂದವರ ಕಾರ್ಡ್ ಕೇಳಲು ಸಂಕೋಚ ಬೇಡ. ಮುಂಭಾಗದಲ್ಲಿ ಫೋಟೋ, ಲೈಸೆನ್ಸ್ ನಂಬರ್, ಮುಗಿಯುವ ದಿನಾಂಕ ಇರುತ್ತವೆ. ಹಿಂಭಾಗದಲ್ಲಿ ಅವರು ಯಾವ್ಯಾವ ಕೆಲಸಕ್ಕೆ ಅರ್ಹರು ಅಂತ ಇರುತ್ತದೆ. ಅಡುಗೆ ಒಲೆಗೆ ಮಾತ್ರ ಅರ್ಹರಾದವರು ಬಾಯ್ಲರ್ ಬಿಚ್ಚುವಂತಿಲ್ಲ. ಆದರೆ ಈ ಕಾರ್ಡ್ ಕಾನೂನಿನ ಅರ್ಹತೆಗೆ ಸಾಕ್ಷಿ, ತೊಂದರೆ ಕಂಡುಹಿಡಿಯುವ ಜಾಣತನಕ್ಕಲ್ಲ. ಅದನ್ನು ಫೋನಿನಲ್ಲೇ ತಿಳಿಯಬಹುದು. ಬಾಯ್ಲರ್ ಮಾಡೆಲ್ ಹೇಳಿ, "ತಣ್ಣಗಿರುವಾಗ 1.2, ಬಿಸಿಯಾದಾಗ 2.9, ಬೆಳಗ್ಗೆ 0.4" ಅಂತ ಓದಿ ಹೇಳಿ. "ಹೊರಗಿನ ಪೈಪು ತೊಟ್ಟಿಕ್ಕುತ್ತಿದೆಯಾ?" ಅಂತ ಮರುಪ್ರಶ್ನೆ ಬಂದರೆ ಅವರನ್ನು ಕರೆಸಿ. ನೋಡದೆಯೇ "ಹೊಸ ಬಾಯ್ಲರ್ ಹಾಕಿಸಿ" ಎಂದವರನ್ನು ಬಿಡಿ. ವೆಸೆಲ್ ಅಳೆಯದೆ ಸೇಫ್ಟಿ ವಾಲ್ವ್ ಮಾತ್ರ ಬದಲಿಸುವವರನ್ನೂ ಬಿಡಿ, ಕಾರಣ ಹಾಗೇ ಉಳಿದು ಹೊಸ ವಾಲ್ವೂ ಬೇಗ ಸೋರುತ್ತದೆ. ತಪಾಸಣೆಯ ಶುಲ್ಕ ಎಷ್ಟು, ಅದು ರಿಪೇರಿಯಲ್ಲಿ ಕಳೆಯುತ್ತದೆಯೇ ಎಂಬುದು ಮೊದಲೇ ಬರವಣಿಗೆಯಲ್ಲಿರಲಿ. ತೆಗೆದ ಹಳೆಯ ಪಾರ್ಟ್ ತೋರಿಸಲು ಹೇಳಿ.

ಬಾಡಿಗೆ ಮನೆಯಾದರೆ ಇದ್ಯಾವುದಕ್ಕೂ ನಿಮ್ಮ ಕೈಯಿಂದ ಕೊಡಬೇಕಿಲ್ಲ. ಇಂಗ್ಲೆಂಡ್, ವೇಲ್ಸ್‌ನಲ್ಲಿ ಹೀಟಿಂಗ್, ಬಿಸಿನೀರಿನ ರಿಪೇರಿ ಮನೆ ಮಾಲೀಕರ ಹೊಣೆ. ಬರೆದಿಟ್ಟ ಅಂಕಿಗಳನ್ನು ಇಮೇಲ್‌ನಲ್ಲಿ ಕಳಿಸಿ. ಗ್ಯಾಸ್ ವಾಸನೆ ಬಂದರೆ ಮಾತ್ರ ಯಾರಿಗೂ ಕಾಯದೆ 0800 111 999ಕ್ಕೆ ಫೋನ್ ಮಾಡಿ.

ರಿಪೇರಿ ಆದ ಮೇಲೂ ಮೂರು ದಿನ ಗೇಜ್ ಬರೆದಿಡಿ, ಚೀಲವನ್ನು ಮತ್ತೊಂದು ರಾತ್ರಿ ಕಟ್ಟಿ. ನೀರು ಖಾಲಿ ಮಾಡಿ ತುಂಬಿಸಿದ್ದರೆ, ಅಥವಾ ತಿಂಗಳುಗಟ್ಟಲೆ ಮೇಲಿಂದ ಮೇಲೆ ತುಂಬಿಸಿದ್ದರೆ, ತುಕ್ಕು ತಡೆಯುವ ಇನ್‌ಹಿಬಿಟರ್ ದ್ರವ ಹಾಕಿದ್ದಾರಾ ಅಂತ ಕೇಳಿ. ಪ್ರತಿ ಸಲದ ಹೊಸ ನೀರಿನ ಜೊತೆ ಆಕ್ಸಿಜನ್ ಒಳಬಂದು ರೇಡಿಯೇಟರ್‌ನ ಉಕ್ಕನ್ನು ತಿನ್ನುತ್ತದೆ, ಆ ತುಕ್ಕೇ ಕರಿ ಕೆಸರಾಗಿ ವಾಲ್ವ್‌ನ ಸೀಟಿಗೆ ಬಂದು ಕೂರುತ್ತದೆ.