ದೀಪ ಹಚ್ಚುವ ಹೊತ್ತಿಗೆ ಒಮ್ಮೆ ಮೊಲದ ಬಾಲ ಎತ್ತಿ ನೋಡಿ

ದನಕ್ಕೋ ನಾಯಿಗೋ ಗಾಯವಾದರೆ ಹುಳ ಬೀಳುತ್ತದೆ ಅನ್ನೋದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಮೈಮೇಲೆ ಒಂದು ಗೀರೂ ಇಲ್ಲದ ಮೊಲಕ್ಕೆ ಹುಳ ಬೀಳುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಗೊತ್ತಾಗಿದ್ದು ಒಂದು ಮೇ ತಿಂಗಳ ಬೆಳಿಗ್ಗೆ, ನಮ್ಮ ಗುಂಡ ಬಾಳೆಹಣ್ಣು ಮೂಸಿ ನೋಡಿ ಬೇಡ ಅಂತ ಮುಖ ತಿರುಗಿಸಿದಾಗ.

ನಮ್ಮದು ಕೊಡಗಿನ ಸಿದ್ದಾಪುರದ ಹತ್ತಿರ ಸಣ್ಣ ಕಾಫಿ ತೋಟ. ಮಗಳಿಗೆ ಅಂತ ತಂದ ಎರಡು ಮೊಲ, ಗುಂಡ ಮತ್ತು ಚುಕ್ಕಿ. ಆಮೇಲೆ ಯಾರೋ ಸಾಕೋಕೆ ಆಗಲ್ಲ ಅಂತ ಕೊಟ್ಟುಹೋದ ಎರಡು ಗಿನಿ ಪಿಗ್. ಮಗಳು ಓದೋಕೆ ಮೈಸೂರಿಗೆ ಹೋದಳು, ನಾಲ್ಕೂ ನನ್ನ ಪಾಲಿಗೆ ಬಂದವು. ಎಲ್ಲರ ಮನೆಯಲ್ಲೂ ಇದೇ ಕಥೆ ಅಲ್ವಾ?

ಆ ದಿನ ಗುಂಡ ಗೂಡಿನ ಮೂಲೆಯಲ್ಲಿ ಮುದುಡಿ ಕೂತಿದ್ದ. ಹಲ್ಲು ಕಡಿಯುವ ಸದ್ದು ಕೇಳುತ್ತಿತ್ತು. ಹತ್ತಿರ ಹೋದರೆ ಕೆಟ್ಟ ಮಾಂಸದ ವಾಸನೆ. ಎತ್ತಿ ತೊಡೆ ಮೇಲೆ ಇಟ್ಟುಕೊಂಡು ಬಾಲ ಸರಿಸಿದೆ. ಕೆಳಗಿನ ಕೂದಲು ಹಿಕ್ಕೆ ಮೆತ್ತಿಕೊಂಡು ಒದ್ದೆ ಗಂಟಾಗಿತ್ತು, ಆ ಗಂಟಿನ ಬುಡದಲ್ಲಿ ಏನೋ ಮಿಸುಕಾಡಿತು. ಸಣ್ಣಕ್ಕಿ ಕಾಳಿನಷ್ಟು ದಪ್ಪದ ಹುಳ, ಒಂದೆರಡಲ್ಲ. ಪಕ್ಕದ ಕೂದಲಿಗೆ ರವೆ ಚೆಲ್ಲಿದ ಹಾಗೆ ನೊಣದ ಮೊಟ್ಟೆ ಅಂಟಿತ್ತು.

ತೋಟದ ಕೆಲಸಗಾರರ ಲೈನ್ ಮನೆಯಿಂದ ಕೆಲಸಕ್ಕೆ ಬರುವಾಕೆ ಬಗ್ಗಿ ನೋಡಿ, "ಅಕ್ಕಾ, ಟರ್ಪೆಂಟೈನ್ ಹಾಕಿ, ಎಲ್ಲ ಉದುರಿ ಬೀಳ್ತವೆ" ಅಂದಳು. ಅತ್ತೆ ಸೀತಾಫಲದ ಸೊಪ್ಪು ಅರೆಯೋಕೆ ಹೊರಟೇಬಿಟ್ಟರು. ದನಕ್ಕೆ ಇದನ್ನೆಲ್ಲ ಹಾಕಿದ್ದನ್ನು ನಾನೂ ನೋಡಿದ್ದೇನೆ. ಆದರೆ ಮೊಲದ ಚರ್ಮ ದನದ ಚರ್ಮ ಅಲ್ಲ, ಹಸಿ ಗಾಯಕ್ಕೆ ಟರ್ಪೆಂಟೈನ್ ಬಿದ್ದರೆ ಸುಟ್ಟುಹೋಗುತ್ತದೆ, ಜೊತೆಗೆ ಅದು ಮೈ ನೆಕ್ಕಿಕೊಳ್ಳುವ ಪ್ರಾಣಿ. ಮೊದಲು ಫೋನ್ ಮಾಡಿದ ಕಡೆ "ಮೊಲ ನಾವು ನೋಡಲ್ಲ, ನಾಳೆ ಬೇರೆಯವರು ಬರ್ತಾರೆ" ಅಂದರು. ನಾಳೆವರೆಗೆ ಕಾದಿದ್ದರೆ ಗುಂಡ ಇರುತ್ತಿರಲಿಲ್ಲ. ಎರಡನೇ ಡಾಕ್ಟರ್ ಫೋನಲ್ಲೇ ಹೇಳಿದರು: "ಏನೂ ಸುರಿಯಬೇಡಿ, ಸ್ನಾನ ಮಾಡಿಸಬೇಡಿ. ಕಾಣೋ ಹುಳ ಚಿಮುಟದಲ್ಲಿ ತೆಗೀರಿ, ಒಣ ಟವಲಲ್ಲಿ ಸುತ್ತಿ ಈಗಲೇ ತನ್ನಿ." ಒದ್ದೆ ಮಾಡಿದರೆ ಕೂದಲು ಕತ್ತರಿಸೋದು ಕಷ್ಟ, ಮೊದಲೇ ಸುಸ್ತಾದ ಪ್ರಾಣಿಗೆ ಥಂಡಿ ಬೇರೆ ಹಿಡಿಯುತ್ತದೆ.

ಅಲ್ಲಿ ಕೂದಲು ತೆಗೆದು, ತೊಳೆದು, ಹುಳಕ್ಕೆ ಒಂದು, ನೋವಿಗೆ ಒಂದು, ಸೋಂಕಿಗೆ ಒಂದು ಇಂಜೆಕ್ಷನ್ ಕೊಟ್ಟರು. ಮನೆಯಲ್ಲಿರುವ ಆಂಟಿಬಯಾಟಿಕ್ ಮಾತ್ರೆ ಪುಡಿ ಮಾಡಿ ಬಾಯಿಗೆ ಹಾಕೋ ಕೆಲಸ ಮಾಡಬೇಡಿ ಅಂತಲೂ ಎಚ್ಚರಿಸಿದರು. ಅಮಾಕ್ಸಿಸಿಲಿನ್ ಥರದ್ದು ಬಾಯಿಂದ ಹೋದರೆ ಮೊಲ, ಗಿನಿ ಪಿಗ್ ಎರಡಕ್ಕೂ ಹೊಟ್ಟೆ ಕೆಟ್ಟು ಜೀವಕ್ಕೇ ಬರುತ್ತದಂತೆ. ಒಂದು ವಾರ ಸಿರಿಂಜಲ್ಲಿ ಊಟ ಕೊಟ್ಟೆ, ಯಾಕಂದರೆ ಮೊಲ ಅರ್ಧ ದಿನ ತಿನ್ನದೇ ಇದ್ದರೂ ಕರುಳು ನಿಂತುಬಿಡಬಹುದು. ಗುಂಡ ಬದುಕಿದ.

ಆಮೇಲೆ ನಾನು ಮಾಡಿದ್ದು ಎಲ್ಲರೂ ಮಾಡೋದನ್ನೇ, ನೊಣದ ಮೇಲೆ ಯುದ್ಧ. ಗೂಡಿಗೆ ಸೊಳ್ಳೆ ಪರದೆ ಬಟ್ಟೆ ಬಿಗಿದೆ. ದಿನಕ್ಕೆರಡು ಸಲ ಗೂಡು ತೊಳೆದೆ, ಫಿನೈಲ್ ಹಾಕಿದೆ (ಅದೂ ತಪ್ಪೇ, ಮೊಲದ ಕಾಲಿಗೂ ಮೂಗಿಗೂ ಉರಿ, ಈಗ ನೀರಿಗೆ ಸ್ವಲ್ಪ ವಿನೆಗರ್ ಅಷ್ಟೇ). ಪಕ್ಕದವರ ಹಂದಿ ಗೂಡಿನ ಬಗ್ಗೆ ಮನಸ್ಸಲ್ಲೇ ಬೈದುಕೊಂಡೆ. ಮನೆ ಹತ್ತಿರದ ಹಲಸಿನ ಹಣ್ಣು ಬಿದ್ದ ಕೂಡಲೇ ದೂರ ಸಾಗಿಸಿದೆ. ಊರಲ್ಲಿ ಬೇರೆಯವರೆಲ್ಲ ಆನೆಗೆ ಹೆದರಿ ಹಲಸು ಕೀಳಿಸುತ್ತಾರೆ, ನಾನೊಬ್ಬಳು ನೊಣಕ್ಕೆ ಹೆದರಿ.

ಮೂರೇ ವಾರ. ಗುಂಡನ ಬಾಲದ ಕೆಳಗೆ ಮತ್ತೆ ಮೊಟ್ಟೆ. ಅದೇ ಗೂಡಲ್ಲಿದ್ದ ಚುಕ್ಕಿಗೆ ಏನೂ ಇಲ್ಲ.

ಆಗ ತಲೆಗೆ ಹೊಳೆಯಿತು. ನೊಣ ಇಬ್ಬರ ಮೇಲೂ ಹಾರಾಡುತ್ತದೆ, ಕೂರೋದು ಒಬ್ಬನ ಮೇಲೆ ಮಾತ್ರ. ಆ ಹೊಳೆಯುವ ಹಸಿರು, ನೀಲಿ ನೊಣಗಳಿಗೆ ಬೇಕಾಗಿರೋದು ಒದ್ದೆ ಮತ್ತು ವಾಸನೆ. ಹಾಗಾದರೆ ಗುಂಡನ ಹಿಂಭಾಗ ಮಾತ್ರ ಯಾಕೆ ಒದ್ದೆ? ಡಾಕ್ಟರಿಗೆ ಫೋನ್ ಮಾಡಿದರೆ ಅವರು ನೊಣದ ಬಗ್ಗೆ ಕೇಳಲೇ ಇಲ್ಲ. "ಏನು ತಿನ್ನಿಸ್ತೀರಿ ಅವನಿಗೆ?" ಅಂದರು. ಬಾಳೆಹಣ್ಣು, ಕ್ಯಾರೆಟ್, ಬೆಳಿಗ್ಗೆ ಅಕ್ಕಿ ರೊಟ್ಟಿ ಚೂರು, ಪೆಲೆಟ್ (ಅಂಗಡಿಯಲ್ಲಿ ಸಿಗುವ ಒಣ ಗುಳಿಗೆಯಂಥ ಆಹಾರ) ಅಂತೂ ಬಟ್ಟಲು ಖಾಲಿಯಾದ ಹಾಗೆ. ಹೇಳ್ತಾ ಹೇಳ್ತಾ ನನಗೇ ನಾಚಿಕೆಯಾಯಿತು.

ವಿಷಯ ಇಷ್ಟು. ಮೊಲಕ್ಕೆ ಎರಡು ಥರದ ಹಿಕ್ಕೆ. ಒಂದು ನಾವು ದಿನಾ ಗುಡಿಸುವ ಒಣ ಗುಂಡು. ಇನ್ನೊಂದು ಮೆತ್ತಗೆ, ಹೊಳೆಯುತ್ತಾ, ಬಳ್ಳಿಯಲ್ಲಿರುವ ಹಸಿ ಕಾಳುಮೆಣಸಿನ ಹಾಗೆ ಗೊಂಚಲಾಗಿ ಬರುತ್ತದೆ. ಅದನ್ನು ಮೊಲ ನೆಲಕ್ಕೆ ಬೀಳೋಕೇ ಬಿಡಲ್ಲ, ಬಾಯಿ ಹಾಕಿ ನೇರವಾಗಿ ತಿಂದುಬಿಡುತ್ತದೆ. ಅಸಹ್ಯ ಅಲ್ಲ, ಅದರ ಪೌಷ್ಟಿಕ ಆಹಾರವೇ ಅದು. ಸಿಹಿ, ಪಿಷ್ಟ ಜಾಸ್ತಿಯಾದರೆ ಈ ಮೆತ್ತನೆ ಹಿಕ್ಕೆ ಇನ್ನೂ ಸಡಿಲವಾಗಿ ಕೂದಲಿಗೆ ಮೆತ್ತುತ್ತದೆ. ಮೊಲ ದಪ್ಪವಾದರೆ ಬಾಯಿ ಅಲ್ಲಿಗೆ ಎಟುಕೋದೇ ಇಲ್ಲ. ಗುಂಡನಿಗೆ ಎರಡೂ ಆಗಿತ್ತು. ಮುದಿ ಮೊಲಕ್ಕೆ ಕೀಲು ನೋವಿದ್ದರೂ, ಹಲ್ಲು ಬೆಳೆದು ತೊಂದರೆಯಾದರೂ, ಮೂತ್ರ ಸೋರುತ್ತಿದ್ದರೂ ಹೀಗೇ ಆಗುತ್ತದೆ.

ಹಾಗಾಗಿ ಊಟ ಬದಲಾಯಿಸಿದೆ, ಒಂದೇ ದಿನಕ್ಕಲ್ಲ, ಮೂರು ವಾರ ಹಿಡಿದು ನಿಧಾನಕ್ಕೆ. ಈಗ ಪೆಲೆಟ್ ಮೈತೂಕದ ಒಂದು ಕೆಜಿಗೆ ದಿನಕ್ಕೆ 25 ಗ್ರಾಂ ಲೆಕ್ಕ, ತೂಕ ಮಾಡಿಯೇ ಹಾಕುತ್ತೇನೆ. ರೊಟ್ಟಿ ಪೂರ್ತಿ ಬಂದ್. ಬಾಳೆಹಣ್ಣು ಹಬ್ಬಕ್ಕೆ ಬೆರಳ ತುದಿಯಷ್ಟು. ಉಳಿದದ್ದೆಲ್ಲ ಹುಲ್ಲು: ಗರಿಕೆ, ಗಿನಿ ಹುಲ್ಲು, ಒಣಹುಲ್ಲು. ಬೇಲಿಯಾಚೆ ಬೇಕಾದಷ್ಟು ಇದೆ ಅಂತ ತೋಟದೊಳಗಿನ ಹುಲ್ಲು ಕೊಯ್ದು ಹಾಕಬೇಡಿ. ಮಳೆಗೆ ಮುಂಚೆ ಕಾಫಿಗೆ ಬೋರ್ಡೋ ದ್ರಾವಣ ಹೊಡೆದಿರುತ್ತಾರೆ, ಅದರಲ್ಲಿರುವ ಮೈಲುತುತ್ತ ಕೆಳಗಿನ ಹುಲ್ಲಿಗೂ ಇಳಿದಿರುತ್ತದೆ. ಕಳೆನಾಶಕ ಹೊಡೆಯುವವರ ತೋಟವಾದರೆ ಇನ್ನೂ ಕೆಟ್ಟದ್ದು. ಗೂಡಿಗೆ ಹಾಸೋಕೆ ಕಾಫಿ ಹೊಟ್ಟು ಸುಲಭಕ್ಕೆ ಸಿಗುತ್ತದಲ್ಲ ಅಂತ ಒಬ್ಬರು ಕೇಳಿದರು. ಬೇಡ, ಅದರಲ್ಲಿ ಕೆಫೀನ್ ಇರುತ್ತದೆ, ಮೊಲ ಹಾಸಿದ್ದನ್ನೂ ತಿನ್ನುತ್ತದೆ. ನಾನು ಹಳೇ ಪೇಪರ್ ಮೇಲೆ ಭತ್ತದ ಹುಲ್ಲು ಹಾಸುತ್ತೇನೆ.

ಕೊಡಗಿನ ಮಳೆಗಾಲದಲ್ಲಿ ಹುಲ್ಲು ಒಣಗಿಸಿಡೋದೇ ದೊಡ್ಡ ಕೆಲಸ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗಲ್ಲ, ಇನ್ನು ಹುಲ್ಲು ಎಲ್ಲಿ! ಬೂಸ್ಟು ಹಿಡಿದದ್ದು ತಿಂದರೆ ಮತ್ತೆ ಭೇದಿ, ಮತ್ತೆ ಒದ್ದೆ. ಬಚ್ಚಲು ಒಲೆ ಇರುವ ಕೋಣೆಯ ಅಟ್ಟದಲ್ಲಿ ಮೇ ತಿಂಗಳಲ್ಲೇ ಕಂತೆ ಕಟ್ಟಿ ಇಟ್ಟುಬಿಡುತ್ತೇನೆ. ಹಸಿ ಹುಲ್ಲು ಕೊಯ್ದರೆ ಕೊಡವಿ, ಹಗ್ಗದ ಮೇಲೆ ಒಂದಿಷ್ಟು ಹೊತ್ತು ನೇತುಹಾಕಿ ಆಮೇಲೆ ಕೊಡೋದು. ರಾಶಿ ಹಾಕಿದರೆ ಒಳಗೇ ಬಿಸಿಯಾಗಿ ಕೊಳೆಯುತ್ತದೆ.

ಜಡಿಮಳೆಯಲ್ಲಿ ನೊಣ ಕಮ್ಮಿ. ಮಳೆ ಹೊಳವಾಗಿ ಎರಡು ದಿನ ಬಿಸಿಲು ಬಂತು ಅನ್ನಿ, ಆಗಲೇ ಹುಷಾರಾಗಿರಬೇಕು.

ಈಗ ನೋಡುವ ಕೆಲಸ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಬೆಳಿಗ್ಗೆದು ತಪ್ಪಿದರೂ ಸಂಜೆಯದ್ದು ತಪ್ಪಿಸಲ್ಲ. ಈ ನೊಣ ಹಗಲು ಹೊತ್ತಲ್ಲಿ ಮೊಟ್ಟೆ ಇಡುತ್ತದೆ, ಬೆಚ್ಚಗಿದ್ದರೆ ಅರ್ಧ ದಿನದೊಳಗೇ ಒಡೆಯಬಹುದು. ಮಧ್ಯಾಹ್ನ ಇಟ್ಟದ್ದು ದೀಪ ಹಚ್ಚುವ ಹೊತ್ತಿಗೆ ಸಾಮಾನ್ಯವಾಗಿ ಇನ್ನೂ ಮೊಟ್ಟೆಯಾಗೇ ಇರುತ್ತದೆ, ಬಾಚಿ ತೆಗೆದರೆ ಮುಗಿಯಿತು. ಬಿಟ್ಟರೆ ಬೆಳಿಗ್ಗೆ ಎದ್ದಾಗ ಹುಳ. ಗುಂಡನಿಗೆ ಆಗಿದ್ದು ಅದೇ, ಹಿಂದಿನ ಸಂಜೆ ಕರೆಂಟ್ ಇಲ್ಲ ಅಂತ ಸುಮ್ನೆ ಹುಲ್ಲು ಹಾಕಿ ಬಂದುಬಿಟ್ಟಿದ್ದೆ.

ನೆಲದ ಮೇಲೆ ಕೂತು ಟವಲ್ ಹಾಸಿ, ಮೊಲದ ಬೆನ್ನು ನನ್ನ ಹೊಟ್ಟೆಗೆ ಒರಗಿಸಿ, ಹಿಂಗಾಲಿಗೆ ಒಂದು ಕೈ ಕೊಡುತ್ತೇನೆ. ಅಂಗಾತ ಮಲಗಿಸಲ್ಲ, ಹೆದರಿ ಒದ್ದರೆ ಅದರ ಬೆನ್ನೆಲುಬೇ ಮುರಿದೀತು. ಬಿಳಿ ಕೂದಲಲ್ಲಿ ಬಿಳಿ ಮೊಟ್ಟೆ ಕಣ್ಣಿಗೆ ಕಾಣಲ್ಲ, ಅದಕ್ಕೆ ಮೊದಲು ಬೆರಳು, ಆಮೇಲೆ ಟಾರ್ಚ್. ಬಾಲದ ಕೆಳಗೆ, ತೊಡೆ ಸಂದಿ, ಗುದದ ಎರಡೂ ಬದಿಯ ಮಡಿಕೆ. ಚುಕ್ಕಿಗೆ ಗದ್ದದ ಕೆಳಗಿನ ಜೋಲು ಚರ್ಮ ನೀರಿನ ಬಟ್ಟಲಿಗೆ ತಾಗಿ ಒದ್ದೆಯಾಗುತ್ತದೆ, ಅಲ್ಲೂ ನೋಡಬೇಕು. ಹಿಕ್ಕೆ ಮೆತ್ತಿದ್ದರೆ ಸ್ವಲ್ಪ ಕಾರ್ನ್‌ಫ್ಲೋರ್ ಉದುರಿಸಿದರೆ ಒಣಗಿ ಪುಡಿಯಾಗುತ್ತದೆ, ಸಣ್ಣ ಹಣಿಗೆಯಲ್ಲಿ ಬಾಚಿದರೆ ಬರುತ್ತದೆ. ತೀರಾ ಗಟ್ಟಿಯಾಗಿದ್ದರೆ ಹಿಂಭಾಗ ಮಾತ್ರ ಉಗುರುಬೆಚ್ಚನೆ ನೀರಲ್ಲಿ ತೊಳೆದು, ಬುಡದವರೆಗೆ ಒಣಗಿಸಿಯೇ ಗೂಡಿಗೆ ಬಿಡೋದು. ಅರೆಬರೆ ಒಣಗಿಸಿ ಬಿಟ್ಟರೆ ತೊಳೆದು ನೊಣಕ್ಕೆ ಜಾಗ ಮಾಡಿಕೊಟ್ಟ ಹಾಗೆ.

ಔಷಧಿ ಇಲ್ಲವಾ ಅಂತ ಕೇಳುತ್ತಾರೆ. ಇಂಗ್ಲೆಂಡ್ ಕಡೆ ಸೈರೋಮಜೀನ್ ಅನ್ನೋದು ಮೊಲಕ್ಕೆಂದೇ ಸಿಗುತ್ತದೆ, ಹಿಂಭಾಗಕ್ಕೆ ಹಚ್ಚಿದರೆ ಹತ್ತು ವಾರದವರೆಗೆ ಮರಿಹುಳ ಬೆಳೆಯದ ಹಾಗೆ ತಡೆಯುತ್ತದೆ. ನಮ್ಮ ಪೇಟೆಯ ಅಂಗಡಿಗಳಲ್ಲಿ ನನಗೆ ಸಿಗಲಿಲ್ಲ. ಅದರ ಬದಲು ಅಂತ ನಾಯಿಯ ಉಣುಗಿಗೆ ಹಾಕುವ ಹನಿ ತೋರಿಸಿದರು, ಡಬ್ಬಿ ತಿರುಗಿಸಿ ನೋಡಿದರೆ ಫಿಪ್ರೊನಿಲ್. ಅದು ಮೊಲಕ್ಕೆ ವಿಷ, ಯಾರು ಹೇಳಿದರೂ ಹಾಕಬೇಡಿ.

ಗಿನಿ ಪಿಗ್‌ಗಳಿಗೆ ಇಷ್ಟು ರಗಳೆ ಇಲ್ಲ. ಒಂದು ಉದ್ದ ಕೂದಲಿನದು, ಹಿಂದಿನ ಕೂದಲು ಲಂಗದ ಹಾಗೆ ನೆಲಕ್ಕೆ ಎಳೆಯುತ್ತದೆ, ತಿಂಗಳಿಗೊಮ್ಮೆ ಕತ್ತರಿಸುತ್ತೇನೆ. ಅವುಗಳ ಮೈಯಲ್ಲಿ ವಿಟಮಿನ್ ಸಿ ತಯಾರಾಗಲ್ಲ, ಅದಕ್ಕೆ ದೊಣ್ಣೆಮೆಣಸು, ಕೊತ್ತಂಬರಿ ಸೊಪ್ಪು, ಆಗಾಗ ಒಂದು ಚೂರು ಸೀಬೆ.

ಗುಂಡ ನಾಲ್ಕು ತಿಂಗಳಲ್ಲಿ 3 ಕೆಜಿ 100 ಗ್ರಾಂನಿಂದ 2 ಕೆಜಿ 400ಕ್ಕೆ ಇಳಿದ. ಕೈಲ್ ಮುಹೂರ್ತದ (ಕೊಡಗಿನ ಆಯುಧ ಪೂಜೆಯ ಹಬ್ಬ) ದಿನ ಬೆಳಗಿನ ಜಾವ ಹಾಲು ಕಾಯಿಸೋಕೆ ಎದ್ದವಳು ಗೂಡಿನ ಕಡೆ ಟಾರ್ಚ್ ಬಿಟ್ಟೆ. ತಲೆಯನ್ನು ಹೊಟ್ಟೆಯ ಕೆಳಗೆ ಪೂರ್ತಿ ಮಡಚಿ, ಆ ಮೆತ್ತನೆ ಗೊಂಚಲು ತಾನೇ ತಿನ್ನುತ್ತಿದ್ದ. ಬೆಳಕು ಬಿದ್ದದ್ದಕ್ಕೆ ಸಿಟ್ಟಾಗಿ ಒಮ್ಮೆ ಕಾಲು ಕುಟ್ಟಿದ.